ರೋಮನ್ ದೇವರುಗಳ ಬಗ್ಗೆ ಮಾತಾಡಬೇಕಾ? ಚಿತ್ರ ಎಲ್ಲಿ ಹುಡುಕಬೇಕು, ಯಾವುದನ್ನು ನಂಬಬೇಕು

ಗೂಗಲ್‌ನಲ್ಲಿ ‘ಮಾರ್ಸ್’ ಅಂತ ಹಾಕಿ ಚಿತ್ರ ಹುಡುಕಿ ನೋಡಿ. ಮೊದಲು ಕೆಂಪು ಗ್ರಹ ಬರುತ್ತದೆ, ಹಿಂದೆಯೇ ಚಾಕೊಲೇಟ್. ‘ವೀನಸ್’ ಅಂದರೆ ಟೆನಿಸ್ ಆಟಗಾರ್ತಿ, ‘ಮರ್ಕ್ಯುರಿ’ ಅಂದರೆ ಪಾದರಸ ಮತ್ತು ಒಬ್ಬ ರಾಕ್ ಗಾಯಕ, ‘ಜೂನೋ’ ಅಂದರೆ ನಾಸಾದ ನೌಕೆ. ಸರಿ, ಜೊತೆಗೆ ‘ರೋಮನ್ ಗಾಡ್’ ಅಂತ ಸೇರಿಸೋಣ ಅಂದರೆ ಬೇರೆ ತರದ ತಲೆನೋವು. ಎಐ ಮಾಡಿದ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ಈಗಷ್ಟೇ ಜಿಮ್‌ನಿಂದ ಬಂದಂತಿರುವ ದೇವರುಗಳ ರಾಜ ಜುಪಿಟರ್, ಹಿಂದೆ ಮಿಂಚು, ಮೈಮೇಲೆ ಯಾವ ಕಾಲದ್ದೂ ಅಲ್ಲದ ಚಿನ್ನದ ಕವಚ.

ಕಾಲೇಜಿನಲ್ಲೋ, ಇತಿಹಾಸದ ಬಳಗದಲ್ಲೋ, ಮಕ್ಕಳ ಬೇಸಿಗೆ ಶಿಬಿರದಲ್ಲೋ ರೋಮನ್ ದೇವರುಗಳ ಬಗ್ಗೆ ಅರ್ಧ ಗಂಟೆ ಮಾತಾಡಲು ಒಪ್ಪಿಕೊಂಡವರಿಗೆ ಚಿತ್ರಗಳಿಗೆ ಬರವಿಲ್ಲ. ಇರುವುದೇ ಜಾಸ್ತಿ. ಆ ರಾಶಿಯಲ್ಲಿ ಯಾವುದು ರೋಮನ್ನರೇ ಮಾಡಿದ್ದು, ಯಾವುದು ಅವರ ಕಾಲ ಮುಗಿದು ಸಾವಿರ ವರ್ಷದ ಮೇಲೆ ಯಾರೋ ಕಲ್ಪಿಸಿಕೊಂಡಿದ್ದು, ಯಾವುದರಲ್ಲಿ ಇರುವುದು ದೇವರೇ ಅಲ್ಲ, ಇದನ್ನು ಬೇರ್ಪಡಿಸುವುದೇ ಕೆಲಸ.

ಹೆಚ್ಚಿನವರು ಚಂದದ ಅಮೃತಶಿಲೆಯ ಮೂರ್ತಿಯಿಂದ ಶುರು ಮಾಡುತ್ತಾರೆ. ನನ್ನ ಸಲಹೆ ಬೇರೆ. ದೇವರ ಹೆಸರು ಅದರ ಮೇಲೇ ಬರೆದಿರುವ ವಸ್ತುವಿನಿಂದ ಶುರು ಮಾಡಿ. ಅಂದರೆ ನಾಣ್ಯದಿಂದ.

ನಾಣ್ಯ: ಹೆಸರಿನ ಸಮೇತ ಬರುವ ಚಿತ್ರ

ರೋಮನ್ನರ ಬೆಳ್ಳಿ ನಾಣ್ಯ ದಿನಾರಿಯಸ್. ಅಡ್ಡಳತೆ ಸುಮಾರು 18ರಿಂದ 20 ಮಿಲಿಮೀಟರ್. ಚಕ್ರವರ್ತಿಗಳ ಕಾಲದಲ್ಲಿ ಮುಂದೆ ಚಕ್ರವರ್ತಿಯ ತಲೆ ಇರುತ್ತದೆ, ಹಿಂದೆ ಬಹಳ ಸಲ ಒಬ್ಬ ದೇವರು ಅಥವಾ ದೇವತೆ. ಸುತ್ತ ಲ್ಯಾಟಿನ್ ಬರಹ. ‘ಮಾರ್ಸ್ ಉಲ್ಟೋರ್’ ಅಂದರೆ ಸೇಡು ತೀರಿಸುವ ಯುದ್ಧದೇವರು ಮಾರ್ಸ್. ‘ಯೂನೋ ರೆಜಿನಾ’ ಅಂದರೆ ರಾಣಿ ಜೂನೋ. ಇದು ಯಾರು ಅಂತ ಯಾವ ಪಂಡಿತರನ್ನೂ ಕೇಳಬೇಕಿಲ್ಲ, ಟಂಕಸಾಲೆಯವರೇ ಹೇಳಿದ್ದಾರೆ.

ಇನ್ನೊಂದು ಲಾಭವೂ ಇದೆ. ರೋಮನ್ನರಿಗೆ ಕಥೆಯೇ ಇಲ್ಲದ ದೇವತೆಗಳು ಬೇಕಾದಷ್ಟಿದ್ದರು. ಕಾಂಕಾರ್ಡಿಯಾ ಅಂದರೆ ಒಮ್ಮತ, ಫೀಡೆಸ್ ಅಂದರೆ ನಂಬಿಕೆ, ಸ್ಪೆಸ್ ಅಂದರೆ ಭರವಸೆ, ಸಲುಸ್ ಅಂದರೆ ಕ್ಷೇಮ. ಇವರಿಗೆಲ್ಲ ಗುಡಿ ಇತ್ತು, ಪೂಜೆ ಇತ್ತು. ಆದರೆ ಪುರಾಣ ಇಲ್ಲವಾದ್ದರಿಂದ ಆಮೇಲಿನ ಕಾಲದ ಚಿತ್ರಕಾರರು ಇವರ ಕಡೆ ಅಷ್ಟಾಗಿ ತಿರುಗಿ ನೋಡಲಿಲ್ಲ. ನಾಣ್ಯದಲ್ಲಿ ಮಾತ್ರ ಇವರು ಮತ್ತೆ ಮತ್ತೆ ಸಿಗುತ್ತಾರೆ. ಒಂದು ಕೈಯಲ್ಲಿ ಹೂವು ಹಿಡಿದು, ಇನ್ನೊಂದರಲ್ಲಿ ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿಕೊಂಡು ನಡೆಯುವ ಹುಡುಗಿ ಕಂಡರೆ ಅವಳು ಸ್ಪೆಸ್. ಗ್ರೀಕ್ ಪುರಾಣಕ್ಕೆ ಬೇರೆ ಹೆಸರಿಟ್ಟರೆ ರೋಮನ್ ಧರ್ಮ ಅಂತ ತಿಳಿದುಕೊಂಡಿರುವ ಸಭಿಕರಿಗೆ ಈ ಒಂದು ಸ್ಲೈಡ್ ಸಾಕು.

ಹುಡುಕುವುದು ಎಲ್ಲಿ? ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ‘ಆನ್‌ಲೈನ್ ಕಾಯಿನ್ಸ್ ಆಫ್ ದಿ ರೋಮನ್ ಎಂಪೈರ್’ ಅನ್ನುವ ತಾಣ ಇದೆ. ಚುಟುಕಾಗಿ ಓಸಿಆರ್‌ಇ. ಕ್ರಿಸ್ತಪೂರ್ವ 31ರಲ್ಲಿ ಮೊದಲ ಚಕ್ರವರ್ತಿ ಅಗಸ್ಟಸ್‌ನಿಂದ ಶುರುವಾಗಿ ಕ್ರಿಸ್ತಶಕ 491ರ ತನಕ, 40,000ಕ್ಕೂ ಹೆಚ್ಚು ಬಗೆಯ ನಾಣ್ಯಗಳು ಅಲ್ಲಿವೆ. ಚಕ್ರವರ್ತಿ, ಲೋಹ, ಟಂಕಸಾಲೆ ಇವುಗಳ ಪ್ರಕಾರ ಹುಡುಕಬಹುದು, ದೇವರ ಹೆಸರಿನ ಪ್ರಕಾರವೂ ಹುಡುಕಬಹುದು. ‘ವಲ್ಕನ್’ ಅಂತ ಆರಿಸಿದರೆ ಬೆಂಕಿಯ ದೇವರು ವಲ್ಕನ್ ಇರುವ ನಾಣ್ಯಗಳಷ್ಟೇ ಬರುತ್ತವೆ, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಚೂಪು ಕಿವಿಯ ವಲ್ಕನ್ ಸ್ಪಾಕ್ ಬರುವುದಿಲ್ಲ. ಚಕ್ರವರ್ತಿಗಳಿಗಿಂತ ಹಿಂದಿನ ಗಣರಾಜ್ಯದ ಕಾಲಕ್ಕೆ ಇದೇ ಸಂಸ್ಥೆಯ ಇನ್ನೊಂದು ತಾಣ, ‘ಕಾಯಿನೇಜ್ ಆಫ್ ದಿ ರೋಮನ್ ರಿಪಬ್ಲಿಕ್ ಆನ್‌ಲೈನ್’, ಚುಟುಕಾಗಿ ಸಿಆರ್‌ಆರ್‌ಓ. ಬಾಗಿಲುಗಳ ದೇವರು, ಎರಡು ಮುಖದ ಜೇನಸ್ ಬೇಕಿದ್ದರೆ ಅಲ್ಲಿಗೇ ಹೋಗಿ. ಹಳೆಯ ಕಂಚಿನ ‘ಆಸ್’ ನಾಣ್ಯದ ಮುಂದೆ ಜೇನಸ್‌ನ ಜೋಡಿ ಮುಖ, ಹಿಂದೆ ಹಡಗಿನ ಮೂತಿ. ಈ ಎರಡೂ ತಾಣಗಳಲ್ಲಿ ಫೋಟೋಗಳು ಬೇರೆ ಬೇರೆ ಮ್ಯೂಸಿಯಂಗಳಿಂದ ಬಂದಿರುತ್ತವೆ. ಹಾಗಾಗಿ ಬಳಕೆಯ ಶರತ್ತನ್ನು ಒಂದೊಂದಕ್ಕೂ ನೋಡಬೇಕು.

ನಾಣ್ಯ ಅಂದ ಮಾತ್ರಕ್ಕೆ ಎಲ್ಲವೂ ಸಲೀಸಲ್ಲ. ಟೈಬೀರಿಯಸ್ ಚಕ್ರವರ್ತಿಯ ಅತಿ ಸಾಮಾನ್ಯ ದಿನಾರಿಯಸ್ ತೆಗೆದುಕೊಳ್ಳಿ. ಮುಂದೆ ಎಲೆಯ ಕಿರೀಟ ತೊಟ್ಟ ಟೈಬೀರಿಯಸ್. ಹಿಂದೆ ಪೀಠದ ಮೇಲೆ ಕೂತ ಒಬ್ಬ ಹೆಂಗಸು. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಒಂದು ರೆಂಬೆ. ಸುತ್ತ ಬರೆದಿರುವುದು ‘ಪೊಂಟಿಫ್ ಮ್ಯಾಕ್ಸಿಮ್’. ಅದು ಅವಳ ಹೆಸರಲ್ಲ, ಚಕ್ರವರ್ತಿಯ ಬಿರುದು: ಪ್ರಧಾನ ಪುರೋಹಿತ. ಹಾಗಾದರೆ ಇವಳು ಯಾರು? ಶಾಂತಿದೇವತೆ ಪಾಕ್ಸ್ ಅಂತ ಕೆಲವರು, ಟೈಬೀರಿಯಸ್‌ನ ತಾಯಿ ಲಿವಿಯಾ ಅಂತ ಕೆಲವರು, ಪಾಕ್ಸ್ ರೂಪದಲ್ಲಿರುವ ಲಿವಿಯಾ ಅಂತ ಇನ್ನೂ ಕೆಲವರು. ಆ ಗೊಂದಲವನ್ನು ಸಭೆಯಲ್ಲಿ ಹಾಗೆಯೇ ಹೇಳಿ. ರಾಜಮಾತೆ ಎಲ್ಲಿ ಮುಗಿದು ದೇವತೆ ಎಲ್ಲಿ ಶುರು ಅಂತ ಗೆರೆ ಎಳೆಯುವುದು ರೋಮಿನಲ್ಲಿ ಕಷ್ಟವೇ ಇತ್ತು.

ಟೈಬೀರಿಯಸ್‌ನ ದಿನಾರಿಯಸ್ ನಮಗೆ ದೂರದ್ದೇನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಒಂದು ನಿಧಿಯೇ ಸಿಕ್ಕಿತ್ತು. ಕನ್ನಡದವರ ಮುಂದೆ ಮಾತಾಡುವಾಗ ಈ ಸ್ಲೈಡ್ ಬಂದ ಕೂಡಲೇ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಕೈಯಲ್ಲಿ ಏನಿದೆ ನೋಡಿ

ಬೇಲೂರಿನ ಗೋಡೆ ಮುಂದೆ ನಿಂತಾಗ ಶಂಖ ಚಕ್ರ ಕಂಡರೆ ವಿಷ್ಣು, ತ್ರಿಶೂಲ ಡಮರು ಕಂಡರೆ ಶಿವ ಅಂತ ಮಕ್ಕಳೂ ಹೇಳುತ್ತಾರೆ ಅಲ್ವಾ? ರೋಮನ್ ದೇವರನ್ನು ಗುರುತಿಸುವ ಲೆಕ್ಕವೂ ಅದೇ. ಮುಖ ನೋಡಿ ಪ್ರಯೋಜನವಿಲ್ಲ. ಗಡ್ಡದ ಗಂಡಸರೆಲ್ಲ ಒಂದೇ ತರ ಕಾಣುತ್ತಾರೆ. ಕೈ, ತಲೆ, ಕಾಲಬುಡ ಈ ಮೂರು ಕಡೆ ನೋಡಬೇಕು.

ಜುಪಿಟರ್ ಕೈಯಲ್ಲಿ ಸಿಡಿಲು, ಕಾಲ ಬಳಿ ಹದ್ದು. ನಾಣ್ಯದಲ್ಲಿ ಸಿಡಿಲು ಎರಡೂ ತುದಿ ಚೂಪಾದ ಕಟ್ಟಿನಂತೆ ಇರುತ್ತದೆ, ಗೊತ್ತಿಲ್ಲದವರು ಅದನ್ನು ಹೂವಿನ ಮೊಗ್ಗು ಅಂದುಕೊಳ್ಳಬಹುದು. ಅವನ ಹೆಂಡತಿ ಜೂನೋಗೆ ನವಿಲು. ಜ್ಞಾನದ ದೇವತೆ ಮಿನರ್ವಾಗೆ ಶಿರಸ್ತ್ರಾಣ, ಈಟಿ, ಗೂಬೆ. ಕಡಲ ದೇವರು ನೆಪ್ಚೂನ್‌ಗೆ ತ್ರಿಶೂಲ ಮತ್ತು ಡಾಲ್ಫಿನ್. ಬೇಟೆಯ ದೇವತೆ ಡಯಾನಾಗೆ ಬಿಲ್ಲು ಬಾಣ, ಜೊತೆಗೆ ನಾಯಿ ಅಥವಾ ಜಿಂಕೆ. ವಲ್ಕನ್‌ಗೆ ಸುತ್ತಿಗೆ, ಇಕ್ಕಳ, ಕಮ್ಮಾರನ ಟೋಪಿ. ಬೆಳೆಯ ದೇವತೆ ಸಿರೀಸ್‌ಗೆ ಗೋಧಿಯ ತೆನೆ. ಬಿತ್ತನೆಯ ದೇವರು ಸ್ಯಾಟರ್ನ್‌ಗೆ ಕುಡುಗೋಲು. ಮರ್ಕ್ಯುರಿಗೆ ರೆಕ್ಕೆಯ ಟೋಪಿ ಮತ್ತು ಹಣದ ಚೀಲ. ವ್ಯಾಪಾರಿಗಳ ದೇವರು, ಚೀಲ ಬಿಡುವುದುಂಟೇ.

ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ಹಾವಿನ ಕೋಲು. ಮರ್ಕ್ಯುರಿಯ ಕೋಲಿಗೆ ಎರಡು ಹಾವು ಸುತ್ತಿರುತ್ತವೆ. ವೈದ್ಯರ ದೇವರು ಈಸ್ಕ್ಯುಲೇಪಿಯಸ್‌ನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ಆಸ್ಪತ್ರೆಯ ಬೋರ್ಡುಗಳಲ್ಲೂ ಇವೆರಡು ಅದಲು ಬದಲಾಗುತ್ತವೆ, ಸ್ಲೈಡಿನಲ್ಲಿ ಆಗುವುದು ಬೇಡ. ಎರಡನೆಯದು ಸಮೃದ್ಧಿಯ ಕೊಂಬು. ಹಣ್ಣು ಹಂಪಲು ತುಂಬಿ ಹೊರಚೆಲ್ಲುವ ಈ ಕೊಂಬನ್ನು ಅದೃಷ್ಟದೇವತೆ ಫಾರ್ಚೂನಾ ಹಿಡಿಯುತ್ತಾಳೆ, ಕಾಂಕಾರ್ಡಿಯಾ ಹಿಡಿಯುತ್ತಾಳೆ, ಇನ್ನೂ ನಾಲ್ಕಾರು ಜನ ಹಿಡಿಯುತ್ತಾರೆ. ಹಾಗಾಗಿ ಇನ್ನೊಂದು ಕೈ ನೋಡಿ. ಅಲ್ಲಿ ಹಡಗಿನ ಚುಕ್ಕಾಣಿ ಇದ್ದರೆ ಫಾರ್ಚೂನಾ.

ಗುರುತು ಹತ್ತದಿದ್ದರೆ ವಿದ್ವಾಂಸರು ನೋಡುವ ಕೋಶ ಒಂದಿದೆ, ಎಲ್‌ಐಎಂಸಿ ಅಂತ. ಗ್ರೀಕ್ ಮತ್ತು ರೋಮನ್ ದೇವತೆಗಳ ಚಿತ್ರಗಳ ಸೂಚಿ. 1981ರಿಂದ 1999ರವರೆಗೆ ದಪ್ಪ ದಪ್ಪ ಸಂಪುಟಗಳಾಗಿ ಬಂತು. ಈಗ ಅದರ ಡಿಜಿಟಲ್ ರೂಪವೂ ಇದೆ. ಒಬ್ಬೊಬ್ಬ ದೇವರನ್ನೂ ಎಷ್ಟು ಬಗೆಯಲ್ಲಿ ತೋರಿಸಿದ್ದಾರೆ ಅಂತ ಒಟ್ಟಿಗೆ ಕಾಣುತ್ತದೆ. ಅಲ್ಲಿಂದ ಮ್ಯೂಸಿಯಂ ಹೆಸರು ಮತ್ತು ವಸ್ತುವಿನ ನಂಬರ್ ಗುರುತು ಹಾಕಿಕೊಂಡು ಆ ಮ್ಯೂಸಿಯಂನ ತಾಣದಲ್ಲಿ ಒಳ್ಳೆಯ ಫೋಟೋ ಹುಡುಕಬಹುದು.

ಮೂರ್ತಿಗಳ ಜೊತೆ ಸ್ವಲ್ಪ ಹುಷಾರು

ಪ್ಯಾರಿಸ್ಸಿನ ಲೂವ್ರ್‌ನಲ್ಲಿ ‘ಸ್ಮಿರ್ನಾದ ಜುಪಿಟರ್’ ಅನ್ನುವ ದೊಡ್ಡ ಮೂರ್ತಿ ಇದೆ. ಬಲಗೈ ಎತ್ತಿ ಸಿಡಿಲು ಹಿಡಿದಿದ್ದಾನೆ, ನೋಡಿದ ತಕ್ಷಣ ಜುಪಿಟರ್ ಅನ್ನಬೇಕು. ಇದು ಸಿಕ್ಕಿದ್ದು 1680ರಲ್ಲಿ, ಈಗಿನ ಟರ್ಕಿಯ ಇಜ್ಮಿರ್‌ನಲ್ಲಿ. ಫ್ರಾನ್ಸಿನ 14ನೇ ಲೂಯಿ ದೊರೆಯ ಹತ್ತಿರ ಬಂತು. ಸಿಡಿಲು ಹಿಡಿದ ಆ ಕೈಯನ್ನು ಸೇರಿಸಿದ್ದು ಪಿಯರ್ ಗ್ರಾನಿಯೆ ಅನ್ನುವ ಶಿಲ್ಪಿ, 1686ರಲ್ಲಿ. ಅಂದರೆ ನಾವು ಯಾವ ಗುರುತು ನೋಡಿ ಜುಪಿಟರ್ ಅನ್ನುತ್ತೇವೋ ಆ ಗುರುತೇ 17ನೇ ಶತಮಾನದ್ದು. ಹಳೆಯ ಸಂಗ್ರಹಗಳಲ್ಲಿ ಇಂಥವು ತುಂಬಾ ಇವೆ. ಆ ಕಾಲದ ಶ್ರೀಮಂತರಿಗೆ ಕೈ ಮುರಿದ ದೇವರು ಹಿಡಿಸುತ್ತಿರಲಿಲ್ಲ, ರಿಪೇರಿ ಮಾಡಿಸುತ್ತಿದ್ದರು. ಮ್ಯೂಸಿಯಂ ವಿವರದಲ್ಲಿ ‘ರೆಸ್ಟೋರ್ಡ್’ ಅನ್ನುವ ಮಾತು ಕಂಡರೆ ನಿಂತು ಪೂರ್ತಿ ಓದಿ.

ಇನ್ನೊಂದು ಉದಾಹರಣೆ ಇನ್ನೂ ಮಜವಾಗಿದೆ. ‘ಲುಡೊವಿಸಿ ಜೂನೋ’ ಅನ್ನುವ ಬೃಹತ್ ತಲೆ ರೋಮಿನ ಪಲಾಟ್ಸೊ ಆಲ್ಟೆಂಪ್ಸ್ ಮ್ಯೂಸಿಯಂನಲ್ಲಿದೆ. ಜರ್ಮನ್ ಕವಿ ಗಯಟೆ ಇದಕ್ಕೆ ಮಾರುಹೋಗಿದ್ದ, ಇದರ ಅಚ್ಚು ವೈಮಾರ್‌ನ ಅವನ ಮನೆಯಲ್ಲಿತ್ತು. ಜೂನೋ ಹೇಗಿದ್ದಳು ಅಂದರೆ ಹೀಗಿದ್ದಳು ಅಂತ ಒಂದೆರಡು ತಲೆಮಾರು ನಂಬಿತ್ತು. ಈಗಿನ ವಿದ್ವಾಂಸರ ಪ್ರಕಾರ ಅದು ಜೂನೋ ಅಲ್ಲ, ಕ್ಲಾಡಿಯಸ್ ಚಕ್ರವರ್ತಿಯ ತಾಯಿ ಆಂಟೋನಿಯಾ. ಇಂಟರ್‌ನೆಟ್ಟಿನಲ್ಲಿ ಮಾತ್ರ ಇವತ್ತಿಗೂ ಜೂನೋ ಅಂತಲೇ ಓಡಾಡುತ್ತಿದೆ.

ಬಣ್ಣದ ವಿಷಯವೂ ಇದೆ. ಬಿಳಿ ಅಮೃತಶಿಲೆ ಅಂದರೆ ರೋಮ್ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಆ ಮೂರ್ತಿಗಳಿಗೆ ಬಣ್ಣ ಬಳಿದಿದ್ದರು. ತುಟಿಗೆ, ಕೂದಲಿಗೆ, ಬಟ್ಟೆಯ ಅಂಚಿಗೆ. ಜರ್ಮನಿಯ ಪುರಾತತ್ವಜ್ಞ ವಿನ್ಜೆನ್ಜ್ ಬ್ರಿಂಕ್‌ಮನ್ ಮತ್ತು ತಂಡ ಬಣ್ಣದ ಕುರುಹು ಹುಡುಕಿ ಪ್ರತಿಕೃತಿ ಮಾಡಿಸಿ, 2003ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನ ಶುರು ಮಾಡಿತು. ಆ ಪ್ರದರ್ಶನ ಆಮೇಲೆ ಊರೂರು ಸುತ್ತಿತು. ಬಿಳಿಯದನ್ನೂ ಬಣ್ಣದ್ದನ್ನೂ ಪಕ್ಕಪಕ್ಕ ಇಟ್ಟು ಒಂದು ಸ್ಲೈಡ್ ಮಾಡಿ. ಬಣ್ಣದ್ದು ಈಗಿನವರ ಊಹೆ ಅಂತ ಕೆಳಗೆ ಬರೆಯಿರಿ, ಅದನ್ನು ಬಿಡಬೇಡಿ. ನಮ್ಮ ಗೋಪುರಗಳ ಬಣ್ಣ ನೋಡಿ ಬೆಳೆದವರಿಗೆ ಇದರಿಂದ ಆಘಾತವೇನೂ ಆಗುವುದಿಲ್ಲ, ಯುರೋಪಿನವರಿಗೇ ಜಾಸ್ತಿ ಆಗಿತ್ತು.

ಹಾಗಾದರೆ ಒಂದು ಮೂರ್ತಿ ಆರಿಸಿ ಅಂದರೆ? ನಾನು ಗ್ವಿಡೋನಿಯಾದ ತ್ರಿಮೂರ್ತಿಗಳನ್ನು ಆರಿಸುತ್ತೇನೆ. ರೋಮಿನ ಕ್ಯಾಪಿಟಲ್ ಗುಡ್ಡದ ಮೇಲಿದ್ದ ದೊಡ್ಡ ದೇವಸ್ಥಾನದಲ್ಲಿ ಜುಪಿಟರ್, ಜೂನೋ, ಮಿನರ್ವಾ ಮೂವರಿಗೂ ಪೂಜೆ ನಡೆಯುತ್ತಿತ್ತು. ಆ ದೇವಸ್ಥಾನ ಕ್ರಿಸ್ತಪೂರ್ವ 83ರಲ್ಲಿ, ಕ್ರಿಸ್ತಶಕ 69ರಲ್ಲಿ, ಮತ್ತೆ 80ರಲ್ಲಿ ಸುಟ್ಟುಹೋಯಿತು. ಒಳಗಿದ್ದ ಮೂರ್ತಿ ಒಂದೂ ಉಳಿದಿಲ್ಲ. ರೋಮಿನ ಹತ್ತಿರದ ಗ್ವಿಡೋನಿಯಾದಲ್ಲಿ 1992ರಲ್ಲಿ ಕಳ್ಳರು ಅಗೆದು ಒಂದು ಶಿಲ್ಪ ತೆಗೆದರು. ದೇಶದಿಂದ ಹೊರಗೆ ಸಾಗಿಸುವ ಹಂತದಲ್ಲಿದ್ದಾಗ, 1994ರಲ್ಲಿ, ಇಟಲಿಯ ಪೊಲೀಸರು ಹಿಡಿದರು. ಮೂವರೂ ಒಂದೇ ಪೀಠದಲ್ಲಿ ಒತ್ತೊತ್ತಾಗಿ ಕೂತಿದ್ದಾರೆ, ಫ್ಯಾಮಿಲಿ ಫೋಟೋಗೆ ಕೂತವರ ಹಾಗೆ. ಕೆಳಗೆ ಹದ್ದು, ನವಿಲು, ಗೂಬೆ. ಮೂವರೂ ಹೀಗೆ ಒಟ್ಟಿಗೆ, ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುವ ಶಿಲ್ಪ ಇದೊಂದೇ. ಗುರುತಿಸುವ ಪಾಠವನ್ನು ಈ ಒಂದೇ ಫೋಟೋದಲ್ಲಿ ಮುಗಿಸಬಹುದು, ಜೊತೆಗೆ ಕಳ್ಳತನದ ಕಥೆ ಬೋನಸ್.

ಮನೆಯೊಳಗಿನ ದೇವರು

ಮಾತು ಪೂರ್ತಿ ಜುಪಿಟರ್, ಮಾರ್ಸ್ ಅಂತಲೇ ಹೋದರೆ ಅರ್ಧ ಧರ್ಮ ಬಿಟ್ಟ ಹಾಗೆ. ಸಾಮಾನ್ಯ ರೋಮನ್ನರು ದಿನಾ ಕೈಮುಗಿದದ್ದು ಮನೆಯ ದೇವರ ಗೂಡಿಗೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿದು ಬೂದಿಯಲ್ಲಿ ಮುಚ್ಚಿಹೋದ ಪಾಂಪೇ ಊರಿನಲ್ಲಿ ಇಂಥ ಗೂಡುಗಳು ಬೇಕಾದಷ್ಟು ಉಳಿದಿವೆ.

ವೆಟ್ಟಿಯವರ ಮನೆಯದು ಎಲ್ಲಕ್ಕಿಂತ ಹೆಸರುವಾಸಿ. ಇದು ಇರುವುದು ಅತಿಥಿಗಳು ಕೂರುವ ಕಡೆ ಅಲ್ಲ, ಅಡುಗೆಮನೆಯ ಹತ್ತಿರದ ಚಿಕ್ಕ ಅಂಗಳದಲ್ಲಿ. ಗೋಡೆಯ ಮೇಲೆ ಪುಟ್ಟ ಗುಡಿಯ ಆಕಾರ, ಎರಡು ಕಂಬ, ಮೇಲೆ ಮುಕ್ಕೋನದ ಮುಡಿ. ಒಳಗೆ ಬಣ್ಣದ ಚಿತ್ರ. ನಡುವೆ ನಿಂತಿರುವವನು ಗೀನಿಯಸ್, ಅಂದರೆ ಮನೆ ಯಜಮಾನನ ಜೀವಶಕ್ತಿ. ಟೋಗಾದ, ಅಂದರೆ ಮೈಗೆ ಸುತ್ತಿಕೊಳ್ಳುವ ಉದ್ದ ಬಟ್ಟೆಯ, ಸೆರಗನ್ನು ತಲೆ ಮೇಲೆ ಹೊದ್ದಿದ್ದಾನೆ. ರೋಮನ್ನರು ಪೂಜೆ ಮಾಡುವಾಗ ಹೀಗೆಯೇ ತಲೆ ಮುಚ್ಚಿಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ನೈವೇದ್ಯದ ಬಟ್ಟಲು, ಇನ್ನೊಂದರಲ್ಲಿ ಧೂಪದ ಡಬ್ಬಿ. ಎರಡೂ ಪಕ್ಕ ಗಿಡ್ಡ ಅಂಗಿ ತೊಟ್ಟ ಇಬ್ಬರು ಹುಡುಗರು, ಕೈಯಲ್ಲಿ ಪಾನದ ಕೊಂಬು. ಇವರೇ ಮನೆ ಕಾಯುವ ಲಾರ್‌ಗಳು. ಎಲ್ಲರ ಕಾಲ ಕೆಳಗೆ ಉದ್ದಕ್ಕೂ ಒಂದು ದೊಡ್ಡ ಹಾವು, ಪುಟ್ಟ ಪೀಠದ ಮೇಲಿಟ್ಟ ಎಡೆಯ ಕಡೆ ಹೋಗುತ್ತಿದೆ. ಮೊದಲು ಪೂರ್ತಿ ಚಿತ್ರ ತೋರಿಸಿ. ಆಮೇಲೆ ಗೀನಿಯಸ್‌ನ ಕೈ, ಲಾರ್‌ನ ಕೊಂಬು, ಹಾವಿನ ತಲೆ, ಹೀಗೆ ಕತ್ತರಿಸಿ ಒಂದೊಂದೇ ದೊಡ್ಡದಾಗಿ ತೋರಿಸಿ. ಇಡೀ ಮಾತಿನಲ್ಲಿ ಐದು ನಿಮಿಷ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಪಾಂಪೇಯಲ್ಲಿ ಮನೆಗಳಿಗೆ ಪುರಾತತ್ವದವರು ಕೊಟ್ಟ ವಿಳಾಸ ಇದೆ. ವಲಯ, ಬ್ಲಾಕು, ಬಾಗಿಲು. ವೆಟ್ಟಿ ಮನೆಯದು 6.15.1, ವಲಯದ ಸಂಖ್ಯೆಯನ್ನು ರೋಮನ್ ಅಂಕಿಯಲ್ಲಿ ಬರೆಯುತ್ತಾರೆ. ‘ಪಾಂಪೇ ಇನ್ ಪಿಕ್ಚರ್ಸ್’ ಅನ್ನುವ ತಾಣದಲ್ಲಿ ಈ ವಿಳಾಸದ ಪ್ರಕಾರ ಒಂದೊಂದು ಮನೆಯ ಒಂದೊಂದು ಕೋಣೆಯ ಫೋಟೋ ಜೋಡಿಸಿಟ್ಟಿದ್ದಾರೆ. ಚಿತ್ರ ಗೋಡೆಯ ಯಾವ ಮೂಲೆಯಲ್ಲಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಎಚ್ಚರಿಕೆ: ಇದೇ ಮನೆಯ ಹೊಸ್ತಿಲಲ್ಲಿ ಪ್ರಿಯಾಪಸ್ ದೇವರು ತನ್ನ ಭಾರಿ ಗಾತ್ರದ ಅಂಗವನ್ನು ಹಣದ ಚೀಲದ ಜೊತೆ ತಕ್ಕಡಿಯಲ್ಲಿ ತೂಗುತ್ತಿದ್ದಾನೆ. ಶಾಲೆಯಲ್ಲಿ ಮಾತಾಡುವವರು ಯಾವ ಫೋಟೋ ಹಾಕುತ್ತಿದ್ದೀರಿ ಅಂತ ಎರಡು ಸಲ ನೋಡಿಕೊಳ್ಳಿ.

ಪಾಂಪೇ ಅಂದ ಕೂಡಲೇ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ: ಅಲ್ಲಿ ಲಕ್ಷ್ಮಿ ಸಿಕ್ಕಿದ್ದಳಂತೆ? ಸಿಕ್ಕಿದ್ದು ನಿಜ. 1938ರಲ್ಲಿ, ಭಾರತದಲ್ಲಿ ಮಾಡಿದ ದಂತದ ಬೊಂಬೆ, ಎತ್ತರ ಸುಮಾರು 24 ಸೆಂಟಿಮೀಟರ್. ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಆದರೆ ಅವಳು ಲಕ್ಷ್ಮಿಯೋ ಯಕ್ಷಿಯೋ ಅನ್ನುವುದೇ ಚರ್ಚೆಯಲ್ಲಿದೆ. ತಲೆಯ ಮೇಲೆ ತೂತು ಇರುವುದರಿಂದ ಪೀಠೋಪಕರಣದ ಕಾಲೋ ಕನ್ನಡಿಯ ಹಿಡಿಯೋ ಆಗಿರಬೇಕು ಅನ್ನುತ್ತಾರೆ. ರೋಮನ್ನರು ಅವಳನ್ನು ಪೂಜಿಸಿದರು ಅನ್ನಲು ಆಧಾರವಿಲ್ಲ. ಈ ಕಡೆಯಿಂದ ಹೋದ ಹಾಗೆ ಆ ಕಡೆಯಿಂದ ಬಂದದ್ದೂ ಇದೆ. ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು 1940ರ ದಶಕದಲ್ಲಿ ಅಗೆದಾಗ ಕಂಚಿನ ಪೊಸೈಡನ್, ಅಂದರೆ ರೋಮನ್ನರ ನೆಪ್ಚೂನ್, ಸಿಕ್ಕಿತು. ಬೆಳಗಾವಿಯಿಂದ ಎರಡು ಮೂರು ಗಂಟೆಯ ದಾರಿ. ಕೊಲ್ಹಾಪುರದ ಮ್ಯೂಸಿಯಂನಲ್ಲೇ ಇದೆ.

ಮೂರ್ತಿಯೇ ಇಲ್ಲದ ದೇವರನ್ನು ತೋರಿಸುವುದು ಹೇಗೆ

ರೋಮನ್ನರು ಮೊದಲ 170 ವರ್ಷಕ್ಕೂ ಹೆಚ್ಚು ಕಾಲ ಮೂರ್ತಿ ಇಲ್ಲದೆ ಪೂಜೆ ಮಾಡಿದರು ಅಂತ ಅವರದೇ ಪಂಡಿತ ವಾರೋ ಹೇಳಿದ್ದ. ಅದು ಎಷ್ಟು ನಿಜವೋ, ಆದರೆ ಮೂರ್ತಿ ಇಲ್ಲದ ಪೂಜೆ ಆಮೇಲೂ ಉಳಿದಿತ್ತು. ಒಲೆಯ ದೇವತೆ ವೆಸ್ಟಾಳ ಗುಡಿಯೊಳಗೆ ಇದ್ದದ್ದು ಬೆಂಕಿ, ಮೂರ್ತಿಯಲ್ಲ ಅಂತ ಕವಿ ಓವಿಡ್ ಬರೆದಿದ್ದಾನೆ. ಎಲ್ಲೆಯ ದೇವರು ಟರ್ಮಿನಸ್ ಒಂದು ಗಡಿಕಲ್ಲು. ದೊಡ್ಡ ತಾಯಿ ಸಿಬೆಲಿಯನ್ನು ಕ್ರಿಸ್ತಪೂರ್ವ 204ರಲ್ಲಿ ಏಷ್ಯಾ ಮೈನರ್‌ನಿಂದ ತಂದಾಗ ಬಂದದ್ದು ಒಂದು ಕಪ್ಪು ಕಲ್ಲು.

ಇಂಥ ಕಡೆ ಸುಮ್ನೆ ಯಾವುದೋ ಹೆಂಗಸಿನ ಮೂರ್ತಿ ತಂದು ‘ವೆಸ್ಟಾ’ ಅಂತ ಹಾಕಬೇಡಿ. ಹಳೆಯ ರೋಮಿನ ಮುಖ್ಯ ಚೌಕವಾದ ರೋಮನ್ ಫೋರಂನಲ್ಲಿ ಅವಳ ದುಂಡು ಗುಡಿಯ ಮೂರು ಕಂಬ ನಿಂತಿವೆ, 1930ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು. ಅದನ್ನೇ ತೋರಿಸಿ. ಬೇಕಿದ್ದರೆ ಆ ಗುಡಿ ಇರುವ ನಾಣ್ಯ ಪಕ್ಕದಲ್ಲಿಡಿ.

ದೇವರಿಗಿಂತ ಪೂಜೆಯನ್ನು ತೋರಿಸುವ ಚಿತ್ರಗಳೂ ಬೇಕು. ಒಂದೇ ಸಾಕು, ಆದರೆ ಒಳ್ಳೆಯದು ಬೇಕು. ರೋಮಿನ ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿ ಮಾರ್ಕಸ್ ಔರೇಲಿಯಸ್ ಚಕ್ರವರ್ತಿ ಪೂಜೆ ಮಾಡುತ್ತಿರುವ ಉಬ್ಬುಶಿಲ್ಪ ಇದೆ. ತಲೆ ಮುಚ್ಚಿಕೊಂಡ ಚಕ್ರವರ್ತಿ ಮುಕ್ಕಾಲಿ ಮೇಲಿನ ಬೆಂಕಿಗೆ ಅರ್ಪಣೆ ಮಾಡುತ್ತಿದ್ದಾನೆ. ಪಕ್ಕದಲ್ಲಿ ಧೂಪದ ಡಬ್ಬಿ ಹಿಡಿದ ಹುಡುಗ, ಜೋಡಿ ಕೊಳಲು ಊದುವವನು. ಹಿಂದೆ ಬಲಿಯ ಎತ್ತಿನ ತಲೆ, ಕೊಡಲಿಯವನು. ಅದರ ಹಿಂದೆ ಆಗ ಹೇಳಿದ ಕ್ಯಾಪಿಟಲ್ ಗುಡ್ಡದ ದೇವಸ್ಥಾನ. ನಿಜವಾದ ದೇವಸ್ಥಾನದ ಮುಂದೆ ಆರು ಕಂಬ ಇದ್ದವು, ಶಿಲ್ಪಿ ಜಾಗ ಸಾಲದೆ ನಾಲ್ಕು ಕೆತ್ತಿದ್ದಾನೆ. ಸಭಿಕರಿಗೆ ಎಣಿಸಲು ಹೇಳಿ.

ಮೊಸಾಯಿಕ್ ಬೇಕು ಅನ್ನುವವರಿಗೆ ಸ್ಪೇನಿನ ಸೆವಿಲ್ ಹತ್ತಿರದ ಇಟಾಲಿಕಾ ಊರಿನದು ಕೈಗೆ ಸಿಕ್ಕಿದ ಭಾಗ್ಯ. ಒಂದೇ ನೆಲದ ಮೇಲೆ ಏಳು ವೃತ್ತ, ಏಳರಲ್ಲೂ ಗ್ರಹದೇವತೆಗಳ ಮುಖ, ನಡುವೆ ವೀನಸ್. ಸೂರ್ಯ, ಚಂದ್ರ, ಮಾರ್ಸ್, ಮರ್ಕ್ಯುರಿ, ಜುಪಿಟರ್, ವೀನಸ್, ಸ್ಯಾಟರ್ನ್. ಭಾನುವಾರದಿಂದ ಶನಿವಾರದವರೆಗೆ ಅದೇ ಸಾಲು. ನಮ್ಮ ಕ್ಯಾಲೆಂಡರಿನ ಪಕ್ಕ ಇಟ್ಟರೆ ವಿವರಣೆಯೇ ಬೇಡ.

ಬಾಟಿಚೆಲಿಯ ಚಿಪ್ಪಿನ ಮೇಲಿನ ವೀನಸ್, ಬರ್ನಿನಿಯ ಅಪೋಲೊ, ಇವೆಲ್ಲ ಹಾಕಬಾರದಾ ಅಂದರೆ, ಹಾಕಿ, ಚಂದ ಇವೆ. ಆದರೆ ಬಾಟಿಚೆಲಿ ಬರೆದದ್ದು 1485ರ ಸುಮಾರಿಗೆ, ಬರ್ನಿನಿ ಕೆತ್ತಿದ್ದು 1622ರಿಂದ 1625ರಲ್ಲಿ. ಇಬ್ಬರೂ ಕ್ರೈಸ್ತರು, ಆ ದೇವರುಗಳಿಗೆ ಯಾರೂ ಕೈಮುಗಿಯದ ಕಾಲದವರು. ಕಥೆ ಹೇಳುವಾಗ ಬಳಸಿ, ಪೂಜೆ ಹೇಳುವಾಗ ಬೇಡ. ಇಸವಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ಎಲ್ಲಿಂದ ತೆಗೆದುಕೊಳ್ಳಬಹುದು, ಎಲ್ಲಿಂದ ಬೇಡ

ಎರಡು ಸಾವಿರ ವರ್ಷದ ಹಿಂದಿನ ಮೂರ್ತಿಗೆ ಯಾರ ಹಕ್ಕು ಅಂತ ಅನ್ನಿಸಬಹುದು. ಮೂರ್ತಿಗೆ ಕಾಪಿರೈಟ್ ಇಲ್ಲ, ಅದರ ಫೋಟೋಗೆ ಇದೆ. ಬೆಳಕು ಎಲ್ಲಿಂದ, ಯಾವ ಕೋನದಿಂದ ಅಂತ ತೀರ್ಮಾನಿಸಿದವನು ಫೋಟೋಗ್ರಾಫರ್. ಅದಕ್ಕೇ ಚಪ್ಪಟೆ ವರ್ಣಚಿತ್ರದ ಫೋಟೋಗಿಂತ ಮೂರ್ತಿಯ ಫೋಟೋದಲ್ಲಿ ತಕರಾರು ಜಾಸ್ತಿ.

ತಲೆಬಿಸಿ ಬೇಡ ಅಂದರೆ ‘ಸಿಸಿ ಝೀರೋ’ ಗುರುತಿನ ಚಿತ್ರಗಳನ್ನೇ ಹುಡುಕಿ. ಅಂದರೆ ಹೇಗೆ ಬೇಕಾದರೂ ಬಳಸಿ, ಕೇಳುವ ಅಗತ್ಯವಿಲ್ಲ ಅಂತ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹೀಗೆ ಬಿಟ್ಟುಕೊಟ್ಟಿತು. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಲ್ಲಿ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ. ಲಾಸ್ ಏಂಜಲೀಸಿನ ಗೆಟ್ಟಿಯವರು 2013ರಿಂದಲೇ ಚಿತ್ರಗಳನ್ನು ಮುಕ್ತವಾಗಿ ಕೊಡುತ್ತಿದ್ದಾರೆ, ಅವರ ಗೆಟ್ಟಿ ವಿಲ್ಲಾ ಇರುವುದೇ ಗ್ರೀಕ್, ರೋಮನ್, ಎಟ್ರಸ್ಕನ್ ವಸ್ತುಗಳಿಗೆ. ಮೆಟ್ರೊಪಾಲಿಟನ್ ತಾಣದಲ್ಲಿ ‘ಗ್ರೀಕ್ ಅಂಡ್ ರೋಮನ್ ಆರ್ಟ್’ ವಿಭಾಗ ಆರಿಸಿ, ‘ಓಪನ್ ಆಕ್ಸೆಸ್’ ಟಿಕ್ ಮಾಡಿ, ಆಮೇಲೆ ದೇವರ ಹೆಸರು ಹಾಕಿ. ಸಿಬೆಲಿ ಅಂತ ಹಾಕಿದರೆ ಸಿಂಹಗಳು ಎಳೆಯುವ ಗಾಡಿಯಲ್ಲಿ ಕೂತ ಕಂಚಿನ ಸಿಬೆಲಿ ಬರುತ್ತಾಳೆ. ಸಿಂಹಗಳ ಬಾಯಿಂದ ನೀರು ಬರುವ ಹಾಗೆ ಕಾರಂಜಿ ಮಾಡಿದ್ದರು.

ಬ್ರಿಟಿಷ್ ಮ್ಯೂಸಿಯಂನ ಚಿತ್ರಗಳನ್ನು ಲಾಭದ ಉದ್ದೇಶ ಇಲ್ಲದಿದ್ದರೆ, ಹೆಸರು ಹಾಕಿ ಬಳಸಬಹುದು. ಲೂವ್ರ್‌ನವರು 2021ರಲ್ಲಿ 4,80,000ಕ್ಕೂ ಹೆಚ್ಚು ವಸ್ತುಗಳ ವಿವರ ಆನ್‌ಲೈನ್ ಇಟ್ಟರು. ನೋಡಲು ಓದಲು ಅದ್ಭುತ, ಆದರೆ ಫೋಟೋ ಬಳಕೆಗೆ ಶರತ್ತು ಇದೆ. ವ್ಯಾಟಿಕನ್ ಮ್ಯೂಸಿಯಂ ಚಿತ್ರಗಳಿಗೆ ಅನುಮತಿ ಬೇಕು. ಇಟಲಿಯ ಸರ್ಕಾರಿ ಮ್ಯೂಸಿಯಂಗಳ ವಸ್ತುವನ್ನು ವ್ಯಾಪಾರಕ್ಕೆ ಬಳಸಿದರೆ ಅಲ್ಲಿನ ಕಾನೂನಿನ ಪ್ರಕಾರ ಶುಲ್ಕ ಕಟ್ಟಬೇಕು. ಪಾಠಕ್ಕೆ, ಅಧ್ಯಯನಕ್ಕೆ ಆ ತೊಂದರೆ ಇಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಇವೆಲ್ಲ ಊರಿನ ಮೂರ್ತಿಗಳ ಫೋಟೋ ಸಿಗುತ್ತವೆ, ಪ್ರವಾಸಿಗರು ತೆಗೆದದ್ದು. ಪ್ರತಿ ಫೋಟೋದ ಕೆಳಗೆ ಲೈಸೆನ್ಸ್ ಬರೆದಿರುತ್ತದೆ, ಫೋಟೋ ತೆಗೆದವರ ಹೆಸರನ್ನು ಅಲ್ಲಿಂದ ಸ್ಲೈಡಿಗೆ ನಕಲು ಮಾಡಿಕೊಂಡರೆ ಮುಗಿಯಿತು.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಶಿಕ್ಷಕರು ಪಾಠದ ವೇಳೆ ಬಳಸುವುದಕ್ಕೆ ವಿನಾಯಿತಿ ಇದೆ. ತರಗತಿಯೊಳಗೆ ಅದು ನೆರವಾಗುತ್ತದೆ. ಅದೇ ಮಾತನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವಾಗ ಅದನ್ನೇ ನಂಬಿಕೊಂಡು ಕೂರಬೇಡಿ. ಹಾಕುವ ಯೋಚನೆ ಇದ್ದರೆ ಮೊದಲಿನಿಂದಲೇ ಮುಕ್ತ ಚಿತ್ರಗಳನ್ನು ಆರಿಸಿಕೊಳ್ಳಿ, ಆಮೇಲೆ ಬದಲಿಸುತ್ತಾ ಕೂರುವುದು ಎರಡರಷ್ಟು ಕೆಲಸ.

ಹುಡುಕುವಾಗ ಭಾಷೆ ಬದಲಿಸಿ. ಇಟಲಿಯ ತಾಣಗಳಲ್ಲಿ ಜುಪಿಟರ್ ‘ಜೋವೆ’, ಜೂನೋ ‘ಜುನೋನೆ’, ವೀನಸ್ ‘ವೆನೆರೆ’. ಗ್ರೀಕ್ ಹೆಸರನ್ನೂ ಹಾಕಿ ನೋಡಿ, ರೋಮನ್ ಕಾಲದ ಮೂರ್ತಿಗೂ ‘ಝ್ಯೂಸ್’, ‘ಅಥೀನಾ’ ಅಂತ ಲೇಬಲ್ ಹಚ್ಚಿರುವ ಮ್ಯೂಸಿಯಂ ಬಹಳ ಇವೆ. ಬರೀ ಹೆಸರಿನ ಬದಲು ‘ಕಂಚಿನ ಬೊಂಬೆ’, ‘ಉಬ್ಬುಶಿಲ್ಪ’, ‘ಬಲಿಪೀಠ’ ಅನ್ನುವ ಪದಗಳನ್ನು ಆಯಾ ಭಾಷೆಯಲ್ಲಿ ಸೇರಿಸಿದರೆ ಗ್ರಹ, ಚಾಕೊಲೇಟ್ ಎಲ್ಲ ಬಿದ್ದುಹೋಗುತ್ತವೆ.

ಕೊನೆಗೆ ಸ್ಲೈಡಿನ ಮಾತು. ಪರದೆ ಮೇಲೆ ಬೆರಳುದ್ದದ ಲಾರ್ ಬೊಂಬೆಯೂ ಆಳೆತ್ತರದ ಮೂರ್ತಿಯೂ ಒಂದೇ ಗಾತ್ರ ಕಾಣುತ್ತವೆ. ಹಾಗಾಗಿ ಪ್ರತಿ ಚಿತ್ರದ ಕೆಳಗೆ ಎತ್ತರ ಎಷ್ಟು ಸೆಂಟಿಮೀಟರ್ ಅಂತ ಬರೆಯಿರಿ. ಜೊತೆಗೆ ಯಾವ ಕಾಲದ್ದು, ಯಾವುದರಲ್ಲಿ ಮಾಡಿದ್ದು, ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ. ಎಲ್ಲಿ ಸಿಕ್ಕಿತು ಅನ್ನುವ ಜಾಗ ಖಾಲಿ ಬಿಡುವ ಹಾಗಾದರೆ ಬೇರೆ ಚಿತ್ರ ಇದೆಯಾ ನೋಡಿ. ಕಂಚು ಮತ್ತು ಹಳೆಯ ನಾಣ್ಯದ ಫೋಟೋಗಳು ಪ್ರೊಜೆಕ್ಟರಿನಲ್ಲಿ ಕಪ್ಪು ಮುದ್ದೆ ಆಗುತ್ತವೆ, ಹಿಂದಿನ ದಿನವೇ ಆ ಕೋಣೆಯಲ್ಲಿ ಹಾಕಿ ನೋಡಿ ಸ್ವಲ್ಪ ಬೆಳಕು ಏರಿಸಿಕೊಳ್ಳಿ. ನಿಮಗೆ ಬೇಕಾದ ಚಿತ್ರ ಯಾವ ತಾಣದಲ್ಲೂ ಮುಕ್ತವಾಗಿ ಸಿಗದಿದ್ದರೆ ಮ್ಯೂಸಿಯಂಗೆ ಒಂದು ಇಮೇಲ್ ಹಾಕಿ. ವಸ್ತುವಿನ ನಂಬರ್, ಯಾವ ದಿನ, ಎಷ್ಟು ಜನರ ಮುಂದೆ, ದುಡ್ಡು ತೆಗೆದುಕೊಳ್ಳುತ್ತಿಲ್ಲ ಅನ್ನುವುದು, ಇಷ್ಟು ಬರೆದರೆ ಸಾಕು. ಉತ್ತರಕ್ಕೆ ವಾರಗಟ್ಟಲೆ ಹಿಡಿಯಬಹುದು, ಮೊದಲೇ ಬರೆಯಿರಿ.